ಉಡುಪಿಯಿಂದ ಮಂಗಳೂರಿಗೆ ಬಸ್ಸೋ, ರೈಲೋ, ಬೈಕೋ, ರೂಮೋ? ಅಸಮತೆ ಬಿಡಿಸಿ ನೋಡೋಣ

ಪ್ರತಿ ವರ್ಷ ಜೂನ್ ತಿಂಗಳು ಬಂತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕಾರು ಮಂದಿಯಾದರೂ ಒಂದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಮಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಮನೆ ಉಡುಪಿಯಲ್ಲಿದೆ. ದಿನವೂ ಬಸ್ಸಿನಲ್ಲಿ ಹೋಗಿಬರುವುದೋ, ರೈಲಿನ ಪಾಸು ಮಾಡಿಸುವುದೋ, ಬೈಕು ತೆಗೆದುಕೊಳ್ಳುವುದೋ, ಅಲ್ಲೇ ಎಲ್ಲಾದರೂ ರೂಮು ಹಿಡಿಯುವುದೋ? ಗಣಿತದ ಮೇಷ್ಟ್ರಲ್ಲಿ ಕೇಳುತ್ತಾರೆಂದಮೇಲೆ ಉಪದೇಶ ಬೇಡ, ಲೆಕ್ಕ ಬೇಕು ಎಂದೇ ಅರ್ಥ. ಆದರೆ ಪಿಯುಸಿ ಮೊದಲ ವರ್ಷದಲ್ಲಿ ರೇಖಾತ್ಮಕ ಅಸಮತೆಗಳ, ಅಂದರೆ ಒಂದು ಬದಿ ಇನ್ನೊಂದಕ್ಕಿಂತ ಕಡಿಮೆಯೋ ಹೆಚ್ಚೋ ಎಂದು ಬರೆಯುವ ಲೆಕ್ಕಗಳ, ಪಾಠವನ್ನು ನನ್ನಿಂದಲೇ ಕೇಳಿ ಪರೀಕ್ಷೆಯಲ್ಲಿ ಅಂಕವನ್ನೂ ಪಡೆದ ಇವರು, ತಮ್ಮ ಪ್ರಶ್ನೆಗೆ ಬೇಕಾದ ಸಲಕರಣೆ ಅದೇ ಪಾಠದಲ್ಲಿದೆ ಎಂಬುದನ್ನು ಮರೆತಿರುತ್ತಾರೆ.

‘ಯಾವುದು ಅಗ್ಗ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ತಿಂಗಳಿಗೆ ಎಷ್ಟು ದಿನದಿಂದ ಮೇಲೆ ಅಗ್ಗ’ ಎಂದು ಕೇಳಿದರೆ ಸಿಗುತ್ತದೆ. ಸಮೀಕರಣ ಬಿಡಿಸಿದರೆ ಒಂದು ಸಂಖ್ಯೆ ಕೈಗೆ ಬರುತ್ತದೆ. ಅಸಮತೆ ಬಿಡಿಸಿದರೆ ಬರುವುದು ಒಂದು ಗಡಿ, ಮತ್ತು ಆ ಗಡಿಯ ಯಾವ ಕಡೆಗೆ ನಿಂತರೆ ಯಾವ ಆಯ್ಕೆ ಸರಿ ಎಂಬ ತಿಳಿವು. ಈ ಬರಹದಲ್ಲಿ ನಾಲ್ಕು ಆಯ್ಕೆಗಳನ್ನು ಆ ರೀತಿಯಲ್ಲೇ ತೂಗಿದ್ದೇನೆ. ಇಲ್ಲಿರುವ ರೂಪಾಯಿಯ ಸಂಖ್ಯೆಗಳೆಲ್ಲ ಲೆಕ್ಕ ಸುಲಭವಾಗಲೆಂದು ನಾನೇ ದುಂಡಗೆ ಮಾಡಿ ಇಟ್ಟುಕೊಂಡವು, ಇಂದಿನ ದರಪಟ್ಟಿಯಲ್ಲ. ನಿಮ್ಮ ಟಿಕೆಟ್ಟಿನ ದರ, ನಿಮ್ಮ ಬಾಡಿಗೆಯನ್ನು ಆ ಜಾಗದಲ್ಲಿ ಕೂರಿಸಿಕೊಳ್ಳಿ. ಬಿಡಿಸುವ ಕ್ರಮ ಬದಲಾಗುವುದಿಲ್ಲ.

ಮೊದಲು ಅಳತೆಗೋಲು

ಆಯ್ಕೆಗಳನ್ನು ನೋಡುವ ಮೊದಲೇ ಯಾವುದರಿಂದ ಅಳೆಯುತ್ತೇವೆ ಎಂದು ನಿಶ್ಚಯಿಸಿಕೊಳ್ಳಬೇಕು, ಇಲ್ಲವಾದರೆ ಮನಸ್ಸಿಗೆ ಹಿಡಿಸಿದ ಆಯ್ಕೆಗೆ ತಕ್ಕಂತೆ ಅಳತೆಗೋಲನ್ನೇ ಕೊಯ್ದುಕೊಳ್ಳುತ್ತೇವೆ. ಮೊದಲನೆಯದು, ನೀವು ತಿಂಗಳಿಗೆ ಎಷ್ಟು ದಿನ ಕಚೇರಿಗೆ ಹೋಗಬೇಕು ಎಂಬುದು. ಇದನ್ನು ‘ದ’ ಎಂದು ಕರೆಯೋಣ. 200ದ ಎಂದು ಬರೆದರೆ 200 ಮತ್ತು ದ ಇವುಗಳ ಗುಣಲಬ್ಧ ಎಂದು ಓದಿಕೊಳ್ಳಿ. ದ ಎಂಬುದು ಪೂರ್ಣಾಂಕ, ಸೊನ್ನೆಗಿಂತ ಕಡಿಮೆಯಾಗದು, ಭಾನುವಾರ ರಜೆಯಿರುವವರಿಗೆ 27ಕ್ಕಿಂತ ಹೆಚ್ಚಾಗದು. ಸಪ್ಪೆಯಾಗಿ ಕಾಣುವ ಈ ಮಾತು ಮುಂದೆ ಎರಡು ಕಡೆ ತೀರ್ಪನ್ನೇ ಕೊಡುತ್ತದೆ. ಎರಡನೆಯದು, ಹೋದರೂ ಹೋಗದಿದ್ದರೂ ತಿಂಗಳಿಗೆ ತೆರಲೇಬೇಕಾದ ಸ್ಥಿರ ಖರ್ಚು ಮತ್ತು ಹೋದ ದಿನ ಮಾತ್ರ ಆಗುವ ದಿನದ ಖರ್ಚು, ಇವೆರಡನ್ನು ಬೇರೆ ಮಾಡಿ ಬರೆಯುವುದು. ಮೂರನೆಯದು ಹೊತ್ತು. ನಾಲ್ಕನೆಯದು ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಮಳೆಗೆ ಸಂಖ್ಯೆ ಕೊಡುವುದು ಕಷ್ಟವಾದರೂ ಅದನ್ನು ಬಿಟ್ಟು ಮಾಡುವ ಲೆಕ್ಕ ಲೆಕ್ಕವಲ್ಲ.

ಬಿಡಿಸುವ ನಿಯಮಗಳು ಮೂರೇ ಮೂರು. ಎರಡೂ ಬದಿಗೆ ಒಂದೇ ಸಂಖ್ಯೆಯನ್ನು ಕೂಡಬಹುದು ಅಥವಾ ಕಳೆಯಬಹುದು; ಚಿಹ್ನೆ ಹಾಗೆಯೇ ಇರುತ್ತದೆ. ಎರಡೂ ಬದಿಯನ್ನು ಒಂದೇ ಧನಸಂಖ್ಯೆಯಿಂದ ಗುಣಿಸಬಹುದು ಅಥವಾ ಭಾಗಿಸಬಹುದು. ಆಗಲೂ ಚಿಹ್ನೆ ಹಾಗೆಯೇ ಇರುತ್ತದೆ. ಋಣಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಮಾತ್ರ ಚಿಹ್ನೆ ತಿರುಗುತ್ತದೆ, < (ಎಡಬದಿ ಕಡಿಮೆ) ಇದ್ದದ್ದು > (ಎಡಬದಿ ಹೆಚ್ಚು) ಆಗುತ್ತದೆ. ಕಾರಣ ಕೇಳುವವರಿಗೆ ನಾನು ಕೊಡುವ ಉದಾಹರಣೆ ಸಾಲದ್ದು: ಐದು ಸಾವಿರ ಉಳಿಸಿದವನು ಎರಡು ಸಾವಿರ ಉಳಿಸಿದವನಿಗಿಂತ ಮೇಲಿದ್ದಾನೆ, ಆದರೆ ಅದೇ ಎರಡು ಮೊತ್ತಗಳು ಸಾಲವಾದರೆ ಐದು ಸಾವಿರದವನು ಕೆಳಗೆ ಬೀಳುತ್ತಾನೆ. ಈ < ಮತ್ತು > ಚಿಹ್ನೆಗಳು ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞನ ಗ್ರಂಥದಲ್ಲಿ, ಅವನು ತೀರಿಕೊಂಡ ಮೇಲೆ 1631ರಲ್ಲಿ, ಅಚ್ಚಾದವು.

ಬಸ್ಸು ಮತ್ತು ರೈಲು

ಉಡುಪಿ ಮತ್ತು ಮಂಗಳೂರಿನ ನಡುವೆ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಬರವಿಲ್ಲ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟಿ ಮಂಗಳೂರಿನ ಬಸ್ ನಿಲ್ದಾಣವಾದ ಸ್ಟೇಟ್‌ಬ್ಯಾಂಕಿಗೆ ಬಂದು ನಿಲ್ಲುವ ಇವುಗಳ ದೊಡ್ಡ ಗುಣವೆಂದರೆ ಒಂದು ತಪ್ಪಿದರೆ ಇನ್ನೊಂದು ಸಿಗುವುದು. ದೊಡ್ಡ ದೋಷವೆಂದರೆ ಕೂಳೂರು ಸೇತುವೆಯಿಂದ ಕೊಟ್ಟಾರ ಚೌಕಿಯವರೆಗಿನ ಬೆಳಗಿನ ನೂಕುನುಗ್ಗಲು. ಸ್ಥಿರ ಖರ್ಚು ಸೊನ್ನೆ. ಹೋಗಿಬರುವ ಟಿಕೆಟ್ಟಿಗೆ 160 ರೂಪಾಯಿ, ಎರಡೂ ತುದಿಯ ಸಿಟಿ ಬಸ್ಸಿಗೆ 40 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳ ಖರ್ಚು 200ದ.

ರೈಲಿನ ಕಥೆ ಬೇರೆ. 1993ರಲ್ಲಿ ಕೊಂಕಣ ರೈಲ್ವೆಯ ದಕ್ಷಿಣ ತುದಿಯಲ್ಲಿ ಮೊದಲು ಓಡಾಟ ಶುರುವಾದದ್ದು ಮಂಗಳೂರು ಮತ್ತು ಉಡುಪಿಯ ನಡುವೆಯೇ. ತಿಂಗಳ ಪಾಸು ಅಗ್ಗ, ಆದರೆ ಉಡುಪಿಯ ನಿಲ್ದಾಣ ಇರುವುದು ಪೇಟೆಯಿಂದ ಆಚೆಗಿನ ಇಂದ್ರಾಳಿಯಲ್ಲಿ; ಕೇರಳದ ಕಡೆಗೆ ಸಾಗುವ ದೂರದ ರೈಲುಗಳಲ್ಲಿ ಹೆಚ್ಚಿನವು ಮಂಗಳೂರು ಪೇಟೆಯ ನಡುವಿನ ಹಂಪನಕಟ್ಟೆಗೆ ಹತ್ತಿರವಾದ ಸೆಂಟ್ರಲ್ ನಿಲ್ದಾಣಕ್ಕೆ ಬಾರದೆ ಜಂಕ್ಷನ್ನಿನಲ್ಲೇ ಇಳಿಸಿ ಮುಂದೆ ಹೋಗುತ್ತವೆ. ಪಾಸು ಹಿಡಿದವರು ಸಾಮಾನ್ಯವಾಗಿ ಕಾಯ್ದಿರಿಸಿದ ಬೋಗಿಗೆ ಹತ್ತುವಂತೆಯೂ ಇಲ್ಲ. ಹಾಗಾಗಿ ಎರಡೂ ತುದಿಯ ಆಟೋ ಮತ್ತು ಸಿಟಿ ಬಸ್ಸಿನ ಖರ್ಚು ಹೆಚ್ಚು: ದಿನಕ್ಕೆ 110 ರೂಪಾಯಿ ಇಡೋಣ, ಪಾಸಿಗೆ 450. ಬಸ್ಸಿಗಿಂತ ರೈಲು ಯಾವಾಗ ಅಗ್ಗ?

450 + 110ದ < 200ದ

ಎರಡೂ ಬದಿಯಿಂದ 110ದ ಕಳೆದರೆ 450 < 90ದ. 90ರಿಂದ ಭಾಗಿಸಿದರೆ 5 < ದ. ಐದು ದಿನ ಹೋದರೆ ಎರಡೂ ಸರಿಸಮ, ಆರನೆಯ ದಿನದಿಂದ ರೈಲು ಅಗ್ಗ. ಇಷ್ಟು ಸುಲಭವಾಗಿ ಬಂದ ಉತ್ತರವನ್ನು ನಂಬಬೇಡಿ. ದಿನವೂ ರೈಲು ಸಿಗುತ್ತದೆ ಎಂದು ಈ ಲೆಕ್ಕ ಗೃಹೀತ ಹಿಡಿದಿದೆ. ಸಂಜೆ ಕಚೇರಿಯಲ್ಲಿ ಹತ್ತು ನಿಮಿಷ ತಡವಾದರೆ ರೈಲು ಹೋಗಿರುತ್ತದೆ. ಜೇಬಿನಲ್ಲಿ ಪಾಸು ಇಟ್ಟುಕೊಂಡೇ ಬಸ್ಸಿಗೆ ದುಡ್ಡು ಕೊಟ್ಟು ಬರಬೇಕಾಗುತ್ತದೆ. ಐದರಲ್ಲಿ ಒಂದು ದಿನ ರೈಲು ಕೈಕೊಟ್ಟು ಆ ದಿನ ಬಸ್ಸಿನ ಪೂರ್ತಿ ಖರ್ಚು ಬೀಳುತ್ತದೆ ಎಂದು ಇಟ್ಟುಕೊಂಡರೆ ಅಸಮತೆ ಹೀಗಾಗುತ್ತದೆ:

450 + 110 × (4ದ/5) + 200 × (ದ/5) < 200ದ

ಭಿನ್ನರಾಶಿ ಕಂಡೊಡನೆ ಗಾಬರಿಯಾಗುವವರು ಮೊದಲ ಹೆಜ್ಜೆಯಲ್ಲೇ ಅದನ್ನು ಓಡಿಸಿಬಿಡುವುದು ಒಳ್ಳೆಯದು. 5 ಧನಸಂಖ್ಯೆಯಾದ್ದರಿಂದ ಎರಡೂ ಬದಿಯನ್ನು ಅದರಿಂದ ಗುಣಿಸಿದರೆ ಚಿಹ್ನೆಗೆ ಅಪಾಯವಿಲ್ಲ: 2250 + 440ದ + 200ದ < 1000ದ. ಇಲ್ಲಿ ಹಲವರು 450ನ್ನು ಗುಣಿಸಲು ಮರೆಯುತ್ತಾರೆ, ಏಕೆಂದರೆ ಅದರ ಕೆಳಗೆ ಭಿನ್ನರಾಶಿ ಇರಲಿಲ್ಲ. ಗುಣಾಕಾರ ಬದಿಗೆ ಪೂರ್ತಿಯಾಗಿ ಸಲ್ಲಬೇಕು, ಒಂದು ಪದಕ್ಕಲ್ಲ. ಸಜಾತಿ ಪದಗಳನ್ನು ಕೂಡಿಸಿದರೆ 2250 + 640ದ < 1000ದ, 640ದ ಕಳೆದರೆ 2250 < 360ದ, ಭಾಗಿಸಿದರೆ 6.25 < ದ.

ತಿಂಗಳಲ್ಲಿ ಆರೂಕಾಲು ದಿನ ಕಚೇರಿಗೆ ಹೋಗಲಾಗದು. ಇಂಥಲ್ಲಿ ದುಂಡಗೆ ಮಾಡುವುದು ಹತ್ತಿರದ ಸಂಖ್ಯೆಗಲ್ಲ, ಅಸಮತೆ ಒಪ್ಪುವ ಸಂಖ್ಯೆಗೆ, 6.25ಕ್ಕೆ ಹತ್ತಿರವಿರುವುದು 6 ಆದರೂ ಉತ್ತರ 7. ಪರೀಕ್ಷಿಸಿ ನೋಡಿ: 6 ದಿನಕ್ಕೆ ಬಸ್ಸು 1200, ರೈಲು 1218. 7 ದಿನಕ್ಕೆ ಬಸ್ಸು 1400, ರೈಲು 1346. ರೈಲು ಆಗಾಗ ತಪ್ಪಿದರೂ ಗಡಿ ಆರರಿಂದ ಏಳಕ್ಕೆ ಮಾತ್ರ ಸರಿದದ್ದು ನನಗೇ ಅಚ್ಚರಿ ತಂದಿತು. ವಾರಕ್ಕೆ ಎರಡು ದಿನ ಕಚೇರಿಗೆ ಹೋಗುವವರಿಗೂ ಪಾಸು ನಷ್ಟವಲ್ಲ.

ಬಜೆಟ್ಟು ಬಿಗಿಯಿದ್ದವರು ಇನ್ನೊಂದು ಅಸಮತೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಓಡಾಟಕ್ಕೆ ತಿಂಗಳಿಗೆ ಹೆಚ್ಚೆಂದರೆ 3500 ರೂಪಾಯಿ ಎಂದಾದರೆ ಬಸ್ಸಿಗೆ 200ದ ≤ 3500, ಅಂದರೆ ದ ≤ 17.5, ಈಗ ದುಂಡಗೆ ಮಾಡುವುದು ಕೆಳಕ್ಕೆ, 17 ದಿನ. ರೈಲಿಗೆ (ಮೇಲಿನ 640ನ್ನು 5ರಿಂದ ಭಾಗಿಸಿದರೆ ದಿನಕ್ಕೆ 128) 450 + 128ದ ≤ 3500, ಅಂದರೆ 128ದ ≤ 3050, ದ ≤ 23.8, ಹಾಗಾಗಿ 23 ದಿನ. ಮೇಲಿನದರೊಡನೆ ಸೇರಿಸಿ ಓದಿದರೆ 7 ≤ ದ ≤ 23 ಇರುವವರಿಗೆ ರೈಲು ಅಗ್ಗವೂ ಹೌದು, ಕೈಗೆಟುಕುವುದೂ ಹೌದು. ವಾರಕ್ಕೆ ಐದು ದಿನದ ಕೆಲಸದವರು ಇದರೊಳಗೇ ಬರುತ್ತಾರೆ. ಆರು ದಿನ ದುಡಿಯುವವರು ಹೊರಗೆ ಬೀಳುತ್ತಾರೆ.

ಬೈಕು, ಮತ್ತು ನಾನು ಮಾಡಿದ ತಪ್ಪು

ಬೈಕಿನ ಆಸೆ ಎಲ್ಲರಿಗೂ ಇದೆ. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗೇಟುಗಳಲ್ಲಿ ದ್ವಿಚಕ್ರಿಗಳಿಗೆ ಶುಲ್ಕವಿಲ್ಲ ಎಂಬುದನ್ನು ಆ ಆಸೆ ಮೊದಲು ನೆನಪಿಸುತ್ತದೆ. ಹೋಗಿಬರುವ ದಾರಿ 120 ಕಿಲೋಮೀಟರ್ ಎಂದು ಹಿಡಿದರೆ, ಲೀಟರಿಗೆ 48 ಕಿಲೋಮೀಟರ್ ಕೊಡುವ ಬೈಕಿಗೆ ದಿನಕ್ಕೆ ಎರಡೂವರೆ ಲೀಟರ್ ಬೇಕು. ಪೆಟ್ರೋಲಿಗೆ ದುಂಡಗೆ 100 ರೂಪಾಯಿ ಹಾಕಿ, ಟಯರು, ಚೈನು, ಆಯಿಲು ಎಲ್ಲ ಸೇರಿ ಕಿಲೋಮೀಟರಿಗೆ 50 ಪೈಸೆ ಹಾಕಿದರೆ ದಿನಕ್ಕೆ 250 + 60, ಅಂದರೆ 310. ವಿಮೆ, ಸರ್ವೀಸು, ಪಾರ್ಕಿಂಗನ್ನು ತಿಂಗಳಿಗೆ ಹಂಚಿದರೆ 900. ಬಸ್ಸಿಗಿಂತ ಅಗ್ಗವಾಗಬೇಕಾದರೆ:

900 + 310ದ < 200ದ

ಇದನ್ನು ಬಿಡಿಸಲು ಎರಡು ದಾರಿಗಳಿವೆ. ದ ಇರುವ ಪದಗಳನ್ನು ಬಲಕ್ಕೆ ತಂದರೆ 900 < −110ದ. ಈಗ −110ರಿಂದ ಭಾಗಿಸಬೇಕು, ಚಿಹ್ನೆ ತಿರುಗಬೇಕು: −8.18 > ದ. ಅಂದರೆ ತಿಂಗಳಿಗೆ ಋಣ ಎಂಟು ದಿನಕ್ಕಿಂತಲೂ ಕಡಿಮೆ ಹೋದರೆ ಮಾತ್ರ ಬೈಕು ಅಗ್ಗ. ದ ಸೊನ್ನೆಗಿಂತ ಕಡಿಮೆಯಾಗದು ಎಂದು ಮೊದಲೇ ಬರೆದುಕೊಂಡಿದ್ದೇವೆ. ಆದ್ದರಿಂದ ಪರಿಹಾರವೇ ಇಲ್ಲ, ಒಬ್ಬರೇ ಹೋಗುವುದಾದರೆ ಬೈಕು ಯಾವತ್ತೂ ಬಸ್ಸಿಗಿಂತ ಅಗ್ಗವಾಗದು.

ಚಿಹ್ನೆ ತಿರುಗಿಸಲು ಮರೆತರೆ ಬರುವುದು −8.18 < ದ. ದ ಎಷ್ಟೇ ಇದ್ದರೂ ಅದು −8.18ಕ್ಕಿಂತ ಹೆಚ್ಚೇ, ಹಾಗಾಗಿ ‘ಬೈಕು ಯಾವಾಗಲೂ ಅಗ್ಗ’ ಎಂದು ಲೆಕ್ಕ ಹೇಳುತ್ತದೆ. ಸ್ವಲ್ಪ ಹೆಚ್ಚುಕಡಿಮೆಯಾಗುವ ತಪ್ಪು ಇದಲ್ಲ, ‘ಎಂದೂ ಇಲ್ಲ’ ಎಂಬುದನ್ನು ‘ಎಂದೆಂದೂ’ ಎಂದು ಮಾಡುವ ತಪ್ಪು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಮೂಲ್ಕಿ ಸೇತುವೆಯ ಹತ್ತಿರ ಎಲ್ಲೋ, ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಇದೇ ಲೆಕ್ಕವನ್ನು ಮಾಡಿ ಇದೇ ಹೆಜ್ಜೆಯಲ್ಲಿ ಎಡವಿದೆ. ಆಗಿನ ದರಗಳು ಬೇರೆ, ತಪ್ಪು ಮಾತ್ರ ಇದೇ. ಬೈಕು ಕೊಂಡು, ಆಷಾಢದಲ್ಲಿ ಒದ್ದೆ ಮಳೆಕೋಟಿನೊಂದಿಗೆ ತರಗತಿಗೆ ಹೋಗಿ, ಮೂರು ತಿಂಗಳ ಪೆಟ್ರೋಲಿನ ಚೀಟಿಗಳನ್ನು ಕೂಡಿಸಿದಾಗ ಸಂಶಯ ಬಂತು. ಆ ಟಿಕೆಟು ಅಂಗಿಯ ಜೇಬಿನಲ್ಲಿ ಒಗೆದು ಮುದ್ದೆಯಾಗಿತ್ತಾದ್ದರಿಂದ ಸಾಕ್ಷ್ಯ ಉಳಿಯಲಿಲ್ಲ ಎಂಬುದೊಂದೇ ಸಮಾಧಾನ.

ಅಂದಿನಿಂದ ನಾನು ಎರಡನೆಯ ದಾರಿಯನ್ನೇ ಶಿಫಾರಸು ಮಾಡುತ್ತೇನೆ: ಚರಾಕ್ಷರದ (ಇಲ್ಲಿ ದ) ಗುಣಾಂಕ, ಅಂದರೆ ಅದನ್ನು ಗುಣಿಸುವ ಸಂಖ್ಯೆ, ಧನವಾಗಿ ಉಳಿಯುವ ಬದಿಗೆ ಪದಗಳನ್ನು ತನ್ನಿ. ಇಲ್ಲಿ 200ದವನ್ನು ಎಡಕ್ಕೆ ಒಯ್ದರೆ 900 + 110ದ < 0, ಆಮೇಲೆ 110ದ < −900, ಆಮೇಲೆ ದ < −8.18. ಋಣಸಂಖ್ಯೆಯಿಂದ ಭಾಗಿಸುವ ಪ್ರಸಂಗವೇ ಬರಲಿಲ್ಲ. ಒಂದು ಸಾಲು ಹೆಚ್ಚು ಬರೆಯಬೇಕಾಗಬಹುದು, ಪರೀಕ್ಷೆಯಲ್ಲಿ ಎರಡಕ್ಕೂ ಅಂಕ ಒಂದೇ. ಮೊದಲ ದಾರಿ ಬೇಕೆನ್ನುವವರು ಕೊನೆಯಲ್ಲಿ ದ = 0 ಎಂದು ಹಾಕಿ ಮೂಲ ಅಸಮತೆಯನ್ನು ಓದುವ ರೂಢಿ ಮಾಡಿಕೊಳ್ಳಿ: 900 < 0 ಎಂಬುದು ಸುಳ್ಳು, ಹಾಗಾಗಿ ಸೊನ್ನೆ ಪರಿಹಾರದಲ್ಲಿ ಇರಬಾರದು; ಇದ್ದರೆ ಚಿಹ್ನೆ ತಪ್ಪಿದೆ.

ಹೆಚ್ಚು ಮೈಲೇಜಿನ ಬೈಕು ಕೊಂಡರೆ ಹೇಗೆ ಎಂದು ಕೇಳುವವರಿದ್ದಾರೆ. 22 ದಿನ ಹೋಗುವವರಿಗೆ, ಮೈಲೇಜನ್ನು ಮ ಎಂದು ಬರೆದರೆ, ತಿಂಗಳ ಪೆಟ್ರೋಲಿಗೆ 264000/ಮ ರೂಪಾಯಿ. ಸವೆತಕ್ಕೆ 1320, ಸ್ಥಿರ ಖರ್ಚು 900. ಬಸ್ಸಿನ 4400ಕ್ಕಿಂತ ಕಡಿಮೆಯಾಗಲು 264000/ಮ + 2220 < 4400, ಅಂದರೆ 264000/ಮ < 2180. ಮುಂದೆ ಎರಡೂ ಬದಿಯನ್ನು ಮ ದಿಂದ ಗುಣಿಸಬೇಕು. ಮೈಲೇಜು ಧನಸಂಖ್ಯೆಯೇ ಎಂದು ಗೊತ್ತಿರುವುದರಿಂದ ಇಲ್ಲಿ ಗುಣಿಸಬಹುದು; ಚರಾಕ್ಷರ ಧನವೋ ಋಣವೋ ತಿಳಿಯದಿದ್ದಾಗ ಹೀಗೆ ಮಾಡುವಂತಿಲ್ಲ. ಉತ್ತರ ಮ > 121.1. ಲೀಟರಿಗೆ 122 ಕಿಲೋಮೀಟರ್ ಕೊಡುವ ಬೈಕನ್ನು ನಾನು ಕಂಡಿಲ್ಲ.

ಇಬ್ಬರು ಸೇರಿ ಒಂದೇ ಬೈಕಿನಲ್ಲಿ ಹೋಗುವುದಾದರೆ ಚಿತ್ರ ಬದಲಾಗುತ್ತದೆ. ಬಸ್ಸಿಗೆ ಆಗ 400ದ. 900 + 310ದ < 400ದ ಎಂದರೆ 900 < 90ದ, ದ > 10. ವಿದ್ಯುತ್ ಸ್ಕೂಟರಿಗೆ ಚಾರ್ಜು ಮತ್ತು ಸವೆತ ಸೇರಿ ದಿನಕ್ಕೆ 85 ಎಂದಾದರೆ 900 + 85ದ < 200ದ, ದ > 7.8, ಎಂಟನೆಯ ದಿನದಿಂದ ಲಾಭ. ಆದರೆ ತಿಂಗಳಿಗೆ 3000 ರೂಪಾಯಿ ಸಾಲದ ಕಂತಿದ್ದರೆ ಸ್ಥಿರ ಖರ್ಚು 3900 ಆಗಿ ದ > 33.9; ಅಷ್ಟು ದಿನಗಳಿರುವ ತಿಂಗಳು ಪಂಚಾಂಗದಲ್ಲಿಲ್ಲ. ಸಾಲ ತೀರುವವರೆಗೆ ನಷ್ಟ, ತೀರಿದ ಮೇಲೆ ಲಾಭ. ಒಂದೇ ಚಾರ್ಜಿನಲ್ಲಿ 120 ಕಿಲೋಮೀಟರ್ ಓಡದ ಗಾಡಿಯಾದರೆ ಕಚೇರಿಯಲ್ಲಿ ಪ್ಲಗ್ಗು ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ರೂಮು: ಹೊತ್ತಿಗೆ ಬೆಲೆ ಕಟ್ಟುವುದು

ಹಂಚಿಕೊಂಡ ರೂಮಿಗೆ ಬಾಡಿಗೆ 5500, ವಾರಕ್ಕೊಮ್ಮೆ ಮನೆಗೆ ಬರುವ ನಾಲ್ಕು ಪ್ರಯಾಣಗಳಿಗೆ 640, ಒಟ್ಟು ಸ್ಥಿರ ಖರ್ಚು 6140. ಮನೆಯ ಗಂಜಿ ಬಿಟ್ಟು ಹೊರಗೆ ಉಣ್ಣುವ ಹೆಚ್ಚುವರಿ ಖರ್ಚು ಮತ್ತು ಸಿಟಿ ಬಸ್ಸು ಸೇರಿ ದಿನಕ್ಕೆ 110. ಅಡ್ವಾನ್ಸು ಮರಳಿ ಬರುವ ಹಣವಾದ್ದರಿಂದ ಸೇರಿಸಿಲ್ಲ. 6140 + 110ದ < 200ದ ಎಂಬುದನ್ನು ಬಿಡಿಸಿದರೆ ದ > 68.2. ಹಣವೊಂದನ್ನೇ ನೋಡುವವರಿಗೆ ವಿಷಯ ಇಲ್ಲಿಗೆ ಮುಗಿಯಿತು.

ಆದರೆ ರೂಮು ಹಿಡಿಯುವವರು ಕೊಳ್ಳುತ್ತಿರುವುದು ಹೊತ್ತನ್ನು. ಮನೆಯ ಬಾಗಿಲಿನಿಂದ ಕಚೇರಿಯ ಕುರ್ಚಿಯವರೆಗೆ ಎರಡು ಗಂಟೆ, ದಿನಕ್ಕೆ ನಾಲ್ಕು ಗಂಟೆ. ರೂಮಿನಿಂದಾದರೆ ದಿನಕ್ಕೆ ಒಂದು ಗಂಟೆ. ನಿಮ್ಮ ಒಂದು ಗಂಟೆಗೆ ನೀವು ಕಟ್ಟುವ ಬೆಲೆಯನ್ನು ಗ ರೂಪಾಯಿ ಎನ್ನೋಣ. 22 ದಿನಕ್ಕೆ ಬಸ್ಸಿನಲ್ಲಿ 88 ಗಂಟೆ. ರೂಮಿನಲ್ಲಿ 22 ಗಂಟೆ ಎಂದು ಬರೆದು ನಿಲ್ಲಿಸುವವರೇ ಹೆಚ್ಚು. ವಾರಕ್ಕೊಮ್ಮೆ ಮನೆಗೆ ಹೋಗಿಬರುವ ನಾಲ್ಕು ಪ್ರಯಾಣಗಳ 16 ಗಂಟೆಯನ್ನು ಸೇರಿಸಿ 38 ಎಂದು ಬರೆಯಬೇಕು. ರೂಮಿನ 22 ದಿನದ ಖರ್ಚು 6140 + 2420, ಅಂದರೆ 8560. ಬಸ್ಸಿಗಿಂತ ರೂಮು ಲೇಸಾಗಲು:

8560 + 38ಗ < 4400 + 88ಗ

ಎರಡೂ ಬದಿಯಿಂದ 38ಗ ಮತ್ತು 4400 ಕಳೆದರೆ 4160 < 50ಗ, ಅಂದರೆ ಗ > 83.2. ಆ 16 ಗಂಟೆಯನ್ನು ಮರೆತಿದ್ದರೆ ಗಡಿ 63ಕ್ಕೆ ಇಳಿಯುತ್ತಿತ್ತು. ರೈಲಿನೊಂದಿಗೆ ಹೋಲಿಸಿದರೆ, ಹೊತ್ತು ಬಸ್ಸಿನಷ್ಟೇ ಹಿಡಿದು, ರೈಲಿನ 22 ದಿನದ ಖರ್ಚು 3266 ಆದ್ದರಿಂದ 5294 < 50ಗ, ಗ > 105.9. ತನ್ನ ಗಂಟೆಗೆ 106 ರೂಪಾಯಿಗಿಂತ ಹೆಚ್ಚು ಬೆಲೆ ಕಟ್ಟುವವರು ರೂಮು ಹಿಡಿಯಬಹುದು.

ಹಿಡಿಯಬಹುದು ಎಂದೆ, ಹಿಡಿಯಲಾಗುತ್ತದೆ ಎಂದಿಲ್ಲ. ಉಳಿಸಿದ ಗಂಟೆಯ ಬೆಲೆ ಕಾಗದದ ಮೇಲಿನದು, ಮನೆಮಾಲೀಕರು ಕೇಳುವುದು ನೋಟು. ಹಾಗಾಗಿ ಗ > 105.9 ಎಂಬುದರ ಜೊತೆಗೆ 6140 + 110ದ ≤ ಬಜೆಟ್ ಎಂಬುದೂ ನಿಜವಾಗಬೇಕು. ಬಜೆಟ್ಟು 7500 ಇದ್ದವರಿಗೆ 110ದ ≤ 1360, ದ ≤ 12.4, ತಿಂಗಳಿಗೆ 12 ದಿನ ಕಚೇರಿಗೆ ಹೋಗಿ ಉಳಿದ ದಿನ ಮನೆಯಿಂದ ಕೆಲಸ ಮಾಡುವವರು ಮಾತ್ರ ಈ ದುಡ್ಡಿನಲ್ಲಿ ರೂಮು ನಡೆಸಬಲ್ಲರು. ಆದರೆ 12 ದಿನ ಮಾತ್ರ ಹೋಗುವವರಿಗೆ ರೂಮಿನಿಂದ ಉಳಿಯುವ ಹೊತ್ತೂ ಕಡಿಮೆ: 7460 + 28ಗ < 2400 + 48ಗ ಎಂಬುದನ್ನು ಬಿಡಿಸಿದರೆ ಗ > 253. ಕೈಗೆಟುಕುವವರಿಗೆ ಬೇಕಾಗಿಲ್ಲ, ಬೇಕಾದವರಿಗೆ ಕೈಗೆಟುಕುತ್ತಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿ ವಾರದಲ್ಲಿ ಮೂರೇ ದಿನ ಕಚೇರಿಗೆ ಹೋಗುವವರು ರೂಮಿನ ಯೋಚನೆಯನ್ನೇ ಬಿಟ್ಟು ರೈಲಿನ ಪಾಸು ಮಾಡಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ಮಹಿಳೆಯರಿಗೆ ಲೆಕ್ಕವೇ ಬೇರೆ

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಮಹಿಳೆಯರಿಗೆ ಶೂನ್ಯ ಟಿಕೆಟ್. ಖಾಸಗಿ ಬಸ್ಸುಗಳದೇ ಕಾರುಬಾರಾದ ನಮ್ಮ ಎರಡು ಜಿಲ್ಲೆಗಳಲ್ಲಿ ಈ ಸವಲತ್ತು ಬೇರೆ ಕಡೆಯಷ್ಟು ಧಾರಾಳವಾಗಿ ಕೈಗೆ ಸಿಗುವುದಿಲ್ಲ; ಸರ್ಕಾರಿ ಬಸ್ಸಿಗೆ ಕಾಯಬೇಕು. ದಿನದ ಖರ್ಚು ಖಾಸಗಿ ಸಿಟಿ ಬಸ್ಸಿನ 40 ರೂಪಾಯಿ ಮಾತ್ರ. ತಪ್ಪದೆ ರೈಲು ಸಿಕ್ಕರೂ 40ದ < 450 + 110ದ ಎಂಬುದನ್ನು ಬಿಡಿಸಿದರೆ −70ದ < 450, ಚಿಹ್ನೆ ತಿರುಗಿ ದ > −6.4. ಇಲ್ಲಿ ‘ಯಾವಾಗಲೂ ಅಗ್ಗ’ ಎಂಬ ಉತ್ತರ ನಿಜವಾಗಿಯೂ ಸರಿ: ದ = 0 ಹಾಕಿದರೆ 0 < 450 ಎಂಬ ಸತ್ಯ ಸಿಗುತ್ತದೆ, ಬೈಕಿನ ಲೆಕ್ಕದಲ್ಲಿ ಸಿಗದಿದ್ದದ್ದು ಇದೇ.

ಕಾಯುವುದಕ್ಕೆ ದಿನಕ್ಕೆ ಒಂದು ಗಂಟೆ ಹೆಚ್ಚು ಹಿಡಿದರೆ 22 ದಿನಕ್ಕೆ 880 ರೂಪಾಯಿ ಮತ್ತು 110 ಗಂಟೆ. ಈ ಬಾರಿ ನನ್ನಲ್ಲಿಗೆ ಬಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಜಗಲಿಯಲ್ಲಿ ಕುಳಿತು ಮೂರು ಅಸಮತೆಗಳನ್ನು ತಾನೇ ಬಿಡಿಸಿದಳು. ಶೂನ್ಯ ಟಿಕೆಟ್ಟಿಗಿಂತ ರೈಲು ಲೇಸಾಗಲು 3266 + 88ಗ < 880 + 110ಗ, ಅಂದರೆ 2386 < 22ಗ, ಗ > 108.5. ಶೂನ್ಯ ಟಿಕೆಟ್ಟಿಗಿಂತ ರೂಮು ಲೇಸಾಗಲು 8560 + 38ಗ < 880 + 110ಗ, ಅಂದರೆ 7680 < 72ಗ, ಗ > 106.7. ರೈಲಿಗಿಂತ ರೂಮು ಲೇಸಾಗಲು, ಮೇಲೆ ಕಂಡಂತೆ, ಗ > 105.9. ಮೂರು ಗಡಿಗಳನ್ನು ಸಂಖ್ಯಾರೇಖೆಯ ಮೇಲೆ ಗುರುತಿಸಿ ಅವಳು ಒಂದು ಕ್ಷಣ ಸುಮ್ಮನಾದಳು: ಉಚಿತ ಬಸ್ಸನ್ನು ರೈಲು ಸೋಲಿಸುವುದು 108.5ರ ಆಚೆಗೆ, ಆದರೆ ಅಷ್ಟು ಹೊತ್ತಿಗೆ ರೂಮು ರೈಲನ್ನು ಸೋಲಿಸಿಯಾಗಿರುತ್ತದೆ. ಅಂದರೆ ಗ ಎಷ್ಟೇ ಇರಲಿ, ರೈಲು ಮೊದಲ ಸ್ಥಾನಕ್ಕೆ ಬರುವ ಸಂದರ್ಭವೇ ಇಲ್ಲ. ಎರಡೆರಡನ್ನೇ ಹೋಲಿಸಿ ಎದ್ದಿದ್ದರೆ ಇದು ಕಾಣುತ್ತಿರಲಿಲ್ಲ.

ಆಮೇಲೆ ಅವಳು ತನ್ನ ಗಂಟೆಯ ಬೆಲೆಯನ್ನು ಸಂಬಳದಿಂದ ಲೆಕ್ಕ ಹಾಕಿದಳು, 107 ಬಂತು. ಮೂರರಲ್ಲೂ ಅದನ್ನು ಹಾಕಿ ನೋಡಿದೆವು: ಶೂನ್ಯ ಟಿಕೆಟ್ಟಿನ ದಾರಿಗೆ 12,650, ರೈಲಿಗೆ 12,682, ರೂಮಿಗೆ 12,626. ಗಡಿಯ ಇಷ್ಟು ಹತ್ತಿರ ನಿಂತಾಗ ಒಂದು ಆಟೋ ಬಾಡಿಗೆ ತಪ್ಪಿ ಹಿಡಿದರೂ ಅನುಕ್ರಮ ಬದಲಾಗುತ್ತದೆ. ತಿಂಗಳಿಗೆ 56 ರೂಪಾಯಿಯ ವ್ಯತ್ಯಾಸಕ್ಕೆ ಲೆಕ್ಕವನ್ನು ನೆಚ್ಚಿಕೊಳ್ಳಬೇಕಾಗಿಲ್ಲ ಎಂದೆ. ಬಸ್ಸಿನಲ್ಲಿ ಓದಿದರೆ ತನಗೆ ತಲೆ ಸುತ್ತುತ್ತದೆ, ರೈಲಿನಲ್ಲಿ ಓದಬಹುದು ಎಂದು ಹೇಳಿ ಅವಳು ಪಟ್ಟಿಯ ಕೊನೆಯಲ್ಲಿದ್ದ ರೈಲನ್ನೇ ಆರಿಸಿಕೊಂಡಳು. ಪಾಸು ಮಾಡಿಸಲು ಮರುದಿನ ಇಂದ್ರಾಳಿಗೆ ಹೋದಳಂತೆ.